ದುಂಡು ಮೂಲೆಯ ಕೌದಿಗೆ ಯಾವ ಪಟ್ಟಿ?

ಕೌದಿಯ ನಾಲ್ಕೂ ಬದಿ ನೇರವಾಗಿದ್ದರೆ ಅಂಚಿನ ಪಟ್ಟಿಯ ಬಗ್ಗೆ ಯಾರ ಸಲಹೆಯೂ ಬೇಕಿಲ್ಲ. ಬಟ್ಟೆಯನ್ನು ಉದ್ದಕ್ಕೆ ಹರಿದು, ಮಡಚಿ, ಹೊಲಿದರೆ ಮುಗಿಯಿತು. ತಕರಾರು ಶುರುವಾಗುವುದು ಮೂಲೆಯನ್ನು ದುಂಡಗೆ ಮಾಡಿದಾಗ, ಅಥವಾ ಅಂಚು ಪೂರ್ತಿ ಕಮಾನು ಕಮಾನಾಗಿರಲಿ ಅಂತ ಆಸೆಪಟ್ಟಾಗ. ಅದೇ ನೇರ ಪಟ್ಟಿಯನ್ನು ತಂದು ಅಲ್ಲಿ ಬಗ್ಗಿಸಿದರೆ ಒಂದು ಕಡೆ ಸುಕ್ಕು, ಇನ್ನೊಂದು ಕಡೆ ಬಿಗಿತ. ಹಿಂದೆ ತಿರುಗಿಸಿ ನೋಡಿದರೆ ಹೆಮ್ಮಿಂಗ್ ಹಾಕಲು ಬಟ್ಟೆಯೇ ಸಾಲದು.

ಹಾಗಾದರೆ ದುಂಡು ಯಾಕೆ ಬೇಕು? ನಮ್ಮತ್ತೆ ಈಗಲೂ ಕೇಳುತ್ತಾರೆ, ‘ಸುಮ್ನ ಅರಿವಿ ದಂಡ’ ಅನ್ನುತ್ತಾರೆ. ಆದರೆ ಚೌಕ ಮೂಲೆಯಲ್ಲಿ ಪಟ್ಟಿ ಮಡಚಿ ಮಡಚಿ ಗಟ್ಟಿ ಗಂಟು ಆಗುತ್ತದೆ, ಮಕ್ಕಳ ಹೊದಿಕೆಯಲ್ಲಿ ಅದು ಕೆನ್ನೆಗೆ ಒತ್ತುತ್ತದೆ. ಸವೆಯುವುದೂ ಮೊದಲು ಅದೇ ತುದಿ. ದುಂಡು ಮಾಡಿದರೆ ಈ ಎರಡೂ ತಪ್ಪುತ್ತವೆ, ಜೊತೆಗೆ ಮೂಲೆಯಲ್ಲಿ ಮಡಿಕೆ ಕೂರಿಸುವ ಕಷ್ಟವೂ ಇಲ್ಲ. ತೊಟ್ಟಿಲಿನ ಕೌದಿಗೆ ನಾನು ಯಾವಾಗಲೂ ದುಂಡನ್ನೇ ಹೇಳುತ್ತೇನೆ.

ದುಂಡು ಅಂಚು ಮುಗಿಸುವುದಕ್ಕೆ ಐದಾರು ದಾರಿ ಇವೆ. ಆರಿಸುವಾಗ ನಾನು ನೋಡುವುದು ಎರಡೇ ವಿಷಯ: ತಿರುವು ಎಷ್ಟು ಬಿಗಿ ಇದೆ, ಮತ್ತು ಇದು ಎಷ್ಟು ಸಲ ಒಗೆತಕ್ಕೆ ಬೀಳುತ್ತದೆ. ಚೆಂದ ಅನ್ನುವುದು ಆಮೇಲೆ. ಬಹಳ ಜನ ಉಲ್ಟಾ ಮಾಡುತ್ತಾರೆ, ಚೆಂದದ ಪಟ್ಟಿ ಕೊಂಡು ತಂದು ಆಮೇಲೆ ಅದನ್ನು ತಿರುವಿಗೆ ಬಗ್ಗಿಸಲು ಒದ್ದಾಡುತ್ತಾರೆ.

ಮೊದಲು ತಟ್ಟೆ ಆರಿಸಿ

ಪಟ್ಟಿ ಯಾವುದು ಅನ್ನುವುದಕ್ಕಿಂತ ಮೊದಲು, ಮೂಲೆಯನ್ನು ಯಾವುದರಿಂದ ಗೀಚಿದಿರಿ ಅನ್ನುವುದು ಮುಖ್ಯ. ನಾವೆಲ್ಲ ಇದಕ್ಕೆ ಅಡುಗೆಮನೆಗೇ ಹೋಗುವವರು ಅಲ್ವಾ? ಊಟದ ತಟ್ಟೆ, ಸಾಸರ್, ಇಲ್ಲವೇ ಲೋಟ. ನೋಡಲು ವ್ಯತ್ಯಾಸ ಅಷ್ಟೇನಿಲ್ಲ ಅನ್ನಿಸುತ್ತದೆ. ಹೊಲಿಯಲು ಕೂತಾಗ ಗೊತ್ತಾಗುತ್ತದೆ.

ಲೆಕ್ಕ ಹೀಗಿದೆ. ಪಟ್ಟಿಯನ್ನು ಕಾಲಿಂಚು ಮಾರ್ಜಿನ್ ಬಿಟ್ಟು ಹೊಲಿಯುತ್ತೇವೆ. ದುಂಡು ಮೂಲೆಯಲ್ಲಿ ಹೊಲಿಗೆಯ ಗೆರೆ ಒಳಗೆ, ಕೌದಿಯ ತುದಿ ಹೊರಗೆ. ಹೊರಗಿನ ಕಮಾನು ಒಳಗಿನದಕ್ಕಿಂತ ಉದ್ದ. ಪಟ್ಟಿ ಮುಂದಿನ ಗೆರೆಯಿಂದ ಹೊರಟು, ತುದಿಯನ್ನು ಸುತ್ತಿ, ಹಿಂದೆ ಮತ್ತೆ ಅದೇ ಗೆರೆಗೆ ಬಂದು ಕೂರಬೇಕು. ಅಂದರೆ ಒಂದೇ ಪಟ್ಟಿ ಗೆರೆಯ ಮೇಲೆ ಗಿಡ್ಡವಾಗಿಯೂ ತುದಿಯ ಮೇಲೆ ಉದ್ದವಾಗಿಯೂ ಇರಬೇಕು. ಈ ಉದ್ದದ ವ್ಯತ್ಯಾಸ ಒಂದು ಮೂಲೆಗೆ ಸುಮಾರು 1 ಸೆಂಟಿಮೀಟರ್. ತಟ್ಟೆ ಇಟ್ಟು ಗೀಚಿದರೂ ಅಷ್ಟೇ, ಲೋಟ ಇಟ್ಟು ಗೀಚಿದರೂ ಅಷ್ಟೇ. ಬದಲಾಗುವುದು, ಆ ಒಂದು ಸೆಂಟಿಮೀಟರ್ ಎಷ್ಟು ಬಟ್ಟೆಯ ಮೇಲೆ ಹಂಚಿಹೋಗುತ್ತದೆ ಅನ್ನುವುದು.

10 ಇಂಚು ಅಗಲದ ಊಟದ ತಟ್ಟೆಯಿಂದ ಗೀಚಿದರೆ ಮೂಲೆಯಲ್ಲಿ ಹೊಲಿಗೆಯ ಗೆರೆ ಸುಮಾರು 7½ ಇಂಚು ಬರುತ್ತದೆ. ಪಟ್ಟಿ ಶೇಕಡಾ 5ರಷ್ಟು ಹಿಗ್ಗಿದರೆ ಸಾಕು. 6 ಇಂಚಿನ ಸಾಸರ್ ಆದರೆ ಶೇಕಡಾ 9. ಬಾಯಿ 3 ಇಂಚು ಇರುವ ಲೋಟ ಆದರೆ ಗೆರೆ ಬರೀ 2 ಇಂಚು, ಪಟ್ಟಿ ಶೇಕಡಾ 20ರಷ್ಟು ಹಿಗ್ಗಬೇಕು. ಈ ಕೊನೆಯದು ಯಾವ ಪಟ್ಟಿಗೂ ಸುಲಭ ಅಲ್ಲ. ಅದಕ್ಕೇ ಹೇಳುವುದು, ಮೊದಲ ಸಲ ಹೊಲಿಯುವವರು ಲೋಟ ಮುಟ್ಟಲೇಬೇಡಿ. ಊಟದ ತಟ್ಟೆ ತಗೊಳ್ಳಿ, ಅರ್ಧ ಕೆಲಸ ಅಲ್ಲೇ ಕಡಿಮೆ ಆಗುತ್ತದೆ.

ಅವಸರ ಇರುವವರಿಗೆ ನನ್ನ ಆಯ್ಕೆ ಇಲ್ಲೇ ಹೇಳಿಬಿಡುತ್ತೇನೆ. ದಿನಾ ಹೊದೆಯುವ, ಪದೇ ಪದೇ ಒಗೆಯುವ ಕೌದಿಗೆ ಕ್ರಾಸ್ ಬಟ್ಟೆಯ, ಅಂದರೆ ಓರೆಯಾಗಿ ಕತ್ತರಿಸಿದ ಬಟ್ಟೆಯ, ಜೋಡಿ ಮಡಿಕೆಯ ಪಟ್ಟಿ. ಕಮಾನು ಅಂಚಿಗೆ ಅಥವಾ ಬಿಗಿ ತಿರುವಿಗೆ ಕ್ರಾಸ್ ಬಟ್ಟೆಯದೇ ಒಂಟಿ ಮಡಿಕೆ. ಗೋಡೆಗೆ ಹಾಕುವುದಕ್ಕೆ ಫೇಸಿಂಗ್, ಅಂದರೆ ಮುಂದೆ ಕಾಣದ ಹಾಗೆ ಪೂರ್ತಿ ಹಿಂದಕ್ಕೆ ತಿರುಗಿಸುವ ಬಟ್ಟೆ. ನಾಡಿದ್ದು ನಾಮಕರಣ, ಕೌದಿಯೊಳಗೆ ಹಾಕುವ ಮೆತ್ತನೆ ಪಾಲಿಫಿಲ್ ಶೀಟು ತಂದಾಗಿದೆ ಅನ್ನುವವರು ಚೀಲದ ಕ್ರಮದಲ್ಲಿ ಹೊಲಿದು ಉಲ್ಟಾ ಮಾಡಿ. ಬರೀ ಹಳೆ ಸೀರೆಗಳ ತೆಳು ಕೌದಿ ಆದರೆ ಅಂಚನ್ನೇ ಒಳಗೆ ಮಡಚುವ ಹಳೇ ಪದ್ಧತಿ. ನೇರ ಪಟ್ಟಿ ಬೇಡ. ಯಾಕೆ ಅಂತ ಬೇಕಾದವರು ಮುಂದೆ ಓದಿ.

ಕ್ರಾಸ್ ಪಟ್ಟಿ

ಬ್ಲೌಸ್ ಹೊಲಿಯುವವರಿಗೆ ಕ್ರಾಸ್ ಅಂದರೆ ಏನು ಅಂತ ಹೇಳಬೇಕಿಲ್ಲ, ಕತ್ತಿನ ಪಟ್ಟಿಗೆ ಬಟ್ಟೆಯನ್ನು ಓರೆಯಾಗಿ ಕತ್ತರಿಸುವುದು ಇದೇ ಕಾರಣಕ್ಕೆ. ಉದ್ದಕ್ಕೆ ಓಡುವ ಹಾಸಿನ ಎಳೆಗೂ ಅಡ್ಡಕ್ಕೆ ಓಡುವ ಹೊಕ್ಕಿನ ಎಳೆಗೂ 45 ಡಿಗ್ರಿ ಓರೆಯಲ್ಲಿ ಕತ್ತರಿಸಿದ ಪಟ್ಟಿಯನ್ನು ಎಳೆದು ನೋಡಿ. ಎಳೆಗಳೇನೂ ಉದ್ದ ಆಗುವುದಿಲ್ಲ, ವಾಲುತ್ತವೆ ಅಷ್ಟೇ. ನೇಯ್ಗೆಯ ಪುಟ್ಟ ಚೌಕಗಳು ಡೈಮಂಡ್ ಆಗುತ್ತವೆ, ಪಟ್ಟಿ ಉದ್ದವಾಗಿ ಸ್ವಲ್ಪ ಸಣ್ಣಗಾಗುತ್ತದೆ. ಒತ್ತಿದರೆ ವಾಪಸ್ ಕುಗ್ಗುತ್ತದೆ. ಗೆರೆಯ ಮೇಲೆ ಗಿಡ್ಡ, ತುದಿಯ ಮೇಲೆ ಉದ್ದ ಅಂತ ಮೇಲೆ ಹೇಳಿದೆನಲ್ಲ, ಅದನ್ನು ಮಾಡಬಲ್ಲದ್ದು ಇದೊಂದೇ.

ಬಾಳಿಕೆಯಲ್ಲೂ ಇದು ಮುಂದು. ನೇರ ಪಟ್ಟಿಯನ್ನು ಮಡಚಿದಾಗ ತುದಿಯ ಉದ್ದಕ್ಕೂ ಒಂದೆರಡು ಎಳೆಗಳೇ ಓಡುತ್ತಿರುತ್ತವೆ. ಆ ಎಳೆ ಸವೆದು ತುಂಡಾಯಿತೋ, ಪಟ್ಟಿ ಉದ್ದಕ್ಕೂ ಸೀಳುತ್ತದೆ. ಕ್ರಾಸ್ ಪಟ್ಟಿಯಲ್ಲಿ ಎಳೆಗಳು ತುದಿಯನ್ನು ಓರೆಯಾಗಿ ದಾಟುತ್ತವೆ, ಆದ್ದರಿಂದ ಸವೆತ ಹಂಚಿಹೋಗುತ್ತದೆ, ಒಂದು ಕಡೆ ತೂತಾದರೂ ಅಲ್ಲಿಗೇ ನಿಲ್ಲುತ್ತದೆ.

ಕೊರತೆ ಅಂದರೆ ಬಟ್ಟೆ ಜಾಸ್ತಿ ಬೇಕು, ಜೋಡಣೆ ಜಾಸ್ತಿ. ಆದರೆ ಹೆದರುವಷ್ಟೇನೂ ಇಲ್ಲ. 36 ಇಂಚು ಅಗಲ, 45 ಇಂಚು ಉದ್ದದ ಮಗುವಿನ ಕೌದಿ ತಗೊಳ್ಳಿ. ಸುತ್ತಳತೆ 162 ಇಂಚು. ನಾಲ್ಕೂ ಮೂಲೆಯನ್ನು ಊಟದ ತಟ್ಟೆಯಿಂದ ದುಂಡು ಮಾಡಿದರೆ 8 ಇಂಚಿನಷ್ಟು ಕಡಿಮೆ ಆಗಿ 154ರ ಆಸುಪಾಸಿಗೆ ಬರುತ್ತದೆ. ಜೋಡಣೆಗೆ 15 ಇಂಚು ಸೇರಿಸಿ, 170 ಅಂತಿಟ್ಟುಕೊಳ್ಳಿ. ಬಟ್ಟೆ ಎಷ್ಟು ಬೇಕು ಅಂತ ನೋಡಲು ಚೌಕದ ಒಂದು ಬದಿಯನ್ನು ಅದರಿಂದಲೇ ಗುಣಿಸಿ, ಪಟ್ಟಿಯ ಅಗಲದಿಂದ ಭಾಗಿಸಿ. 22 ಇಂಚಿನ ಚೌಕದಿಂದ 2¼ ಇಂಚಿನ ಪಟ್ಟಿ ಕತ್ತರಿಸಿದರೆ 215 ಇಂಚು ಬಂತು, ಹೊಲಿಗೆಯಲ್ಲಿ ಹೋಗುವುದನ್ನು ಕಳೆದರೂ ಧಾರಾಳ. ಮುಕ್ಕಾಲು ಮೀಟರ್ ತಂದರೆ ಮಿಕ್ಕಿದ್ದರಲ್ಲಿ ಒಂದು ಬಿಬ್ ಆಗುತ್ತದೆ.

ಓರೆ ಸರಿಯಾಗಿ ಸಿಗಲು ಒಂದು ಉಪಾಯ ಇದೆ, ಚೌಕಳಿ ಬಟ್ಟೆ ತಗೊಳ್ಳಿ. ಚೌಕದ ಮೂಲೆಯಿಂದ ಮೂಲೆಗೆ ಗೆರೆ ಎಳೆದರೆ ಅದೇ 45 ಡಿಗ್ರಿ, ಸ್ಕೇಲಿನ ಲೆಕ್ಕವೇ ಬೇಡ. ಚೌಕಳಿ ಓರೆಯಾಗಿ ಬಂದಾಗ ಅಂಚು ನೋಡಲೂ ಚೆಂದ. ನೇರ ಗೆರೆಯ ಬಟ್ಟೆಯೂ ಹಾಗೇ, ಪಟ್ಟಿಯಲ್ಲಿ ಗೆರೆಗಳು ಓರೆಯಾಗಿ ಸುತ್ತಿಕೊಂಡು ಹೋಗುತ್ತವೆ.

ಇನ್ನು ಜೋಡಿಯೋ ಒಂಟಿಯೋ ಅನ್ನುವ ಪ್ರಶ್ನೆ.

ಜೋಡಿ ಮಡಿಕೆ ಅಂದರೆ 2¼ ಇಂಚಿನ ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಮಡಚಿ ಇಸ್ತ್ರಿ ಮಾಡಿ, ಎರಡೂ ಕಚ್ಚಾ ತುದಿಗಳನ್ನು ಕೌದಿಯ ತುದಿಗೆ ಸೇರಿಸಿ ಹೊಲಿದು, ಮಡಚಿದ ತುದಿಯನ್ನು ಹಿಂದಕ್ಕೆ ತಿರುಗಿಸಿ ಹೆಮ್ಮಿಂಗ್ ಮಾಡುವುದು. ದಪ್ಪ ಕೌದಿಗೆ 2½ ಇಂಚು ಬೇಕಾಗುತ್ತದೆ. ಅಂಚಿನ ಮೇಲೆ ಎರಡು ಪದರ ಬಟ್ಟೆ ಬರುತ್ತದೆ, ಒಂದು ಸವೆದರೂ ಒಳಗೆ ಇನ್ನೊಂದಿದೆ. ಹಿಂದೆ ಮಡಿಕೆ ರೆಡಿ ಇರುವುದರಿಂದ ಹೆಮ್ಮಿಂಗ್ ಸಲೀಸು. ತಟ್ಟೆಯಷ್ಟು, ಸಾಸರಿನಷ್ಟು ದುಂಡಿಗೆ ಇದನ್ನು ಬಿಟ್ಟು ಬೇರೆ ಯೋಚನೆ ಮಾಡಬೇಕಿಲ್ಲ.

ಒಂಟಿ ಮಡಿಕೆಗೆ 1½ ಇಂಚಿನ ಪಟ್ಟಿ ಸಾಕು. ಒಂದೇ ಪದರವನ್ನು ಹೊಲಿದು, ಹಿಂದೆ ತಿರುಗಿಸಿ, ತುದಿಯನ್ನು ಕಾಲಿಂಚು ಒಳಗೆ ಮಡಚಿ ಹೆಮ್ಮಿಂಗ್. ಬಟ್ಟೆ ಕಡಿಮೆ, ದಪ್ಪ ಕಡಿಮೆ, ಬಿಗಿ ತಿರುವಿನಲ್ಲಿ ಹೇಳಿದ ಹಾಗೆ ಕೇಳುತ್ತದೆ. ಆದರೆ ಆ ಕಾಲಿಂಚನ್ನು ತಿರುವಿನ ಉದ್ದಕ್ಕೂ ಕೈಯಲ್ಲೇ ಮಡಚುತ್ತಾ ಹೋಗಬೇಕು, ತಾಳ್ಮೆ ಬೇಕು. ಬೇಗ ಸವೆಯುತ್ತದೆ ಅನ್ನುವುದೂ ನಿಜ. ಕಮಾನು ಅಂಚಿನ ಕೌದಿಯನ್ನು ಯಾರೂ ನೆಲದ ಮೇಲೆ ಎಳೆದಾಡುವುದಿಲ್ಲ ಬಿಡಿ, ಅಲ್ಲಿ ಒಂದು ಪದರ ಸಾಕು.

ತಿರುವಿನಲ್ಲಿ ಕೈ ಹೇಗಿರಬೇಕು

ಪಟ್ಟಿ ಯಾವುದಾದರೂ ಕೆಡುವುದು ಇಲ್ಲೇ. ಹೊರಗೆ ಉಬ್ಬಿದ ದುಂಡಿನಲ್ಲಿ ಪಟ್ಟಿಯನ್ನು ಎಳೆಯಬಾರದು. ಎಳೆಯದಿದ್ದರೆ ಸಾಲದು, ಬೆರಳಿನಿಂದ ಸ್ವಲ್ಪ ಒಳಗೆ ತಳ್ಳಿಕೊಡಬೇಕು. ಹೊಲಿಗೆಯ ಗೆರೆಯ ಮೇಲೆ ಬಟ್ಟೆ ಸ್ವಲ್ಪ ಹೆಚ್ಚು ಸೇರಿದರೆ ತಿರುಗಿಸಿದಾಗ ತುದಿಗೆ ಸಾಕಾಗುತ್ತದೆ. ಎಳೆದು ಹೊಲಿದರೆ ಮೆಷಿನ್ ಮೇಲೆ ತುಂಬಾ ನೀಟಾಗಿ ಕಾಣುತ್ತದೆ, ಪಟ್ಟಿ ತಿರುಗಿಸಿದ ಕೂಡಲೇ ಮೂಲೆ ಬಟ್ಟಲಿನ ಹಾಗೆ ಮೇಲೇಳುತ್ತದೆ. ಇಸ್ತ್ರಿ ಹಾಕಿ ಒತ್ತಿದರೂ ಅದು ಕೂರುವುದಿಲ್ಲ, ಬಿಚ್ಚುವುದೊಂದೇ ದಾರಿ.

ಒಳಗೆ ಬಾಗಿದ ತಿರುವಿನಲ್ಲಿ ಇದರ ಉಲ್ಟಾ. ಅಲೆ ಅಲೆ ಅಂಚಿನ ತಗ್ಗಿನಲ್ಲಿ ತುದಿಯೇ ಗಿಡ್ಡ, ಹೊಲಿಗೆಯ ಗೆರೆ ಉದ್ದ. ಅಲ್ಲಿ ಪಟ್ಟಿಯನ್ನು ತುಸು ಎಳೆದು ಹಿಡಿಯಬೇಕು, ಇಲ್ಲದಿದ್ದರೆ ತಿರುಗಿಸಿದಾಗ ಬಟ್ಟೆ ಹೆಚ್ಚಾಗಿ ನೆರಿಗೆ ಬೀಳುತ್ತದೆ. ಉಬ್ಬಿಗೆ ತಳ್ಳು, ತಗ್ಗಿಗೆ ಎಳೆ, ಇಷ್ಟು ನೆನಪಿದ್ದರೆ ಸಾಕು.

ಮೆಷಿನ್ನಿನ ಪಾದ ಮೇಲಿನ ಬಟ್ಟೆಯನ್ನು ತನ್ನಷ್ಟಕ್ಕೆ ಮುಂದಕ್ಕೆ ತಳ್ಳುತ್ತಾ ಹೋಗುತ್ತದೆ, ನಿಮಗೆ ಗೊತ್ತಿಲ್ಲದೆಯೇ ಪಟ್ಟಿ ಹಿಗ್ಗಿರುತ್ತದೆ. ಆದ್ದರಿಂದ ತಿರುವು ಬಂದಾಗ ಇಂಚಿಗೊಮ್ಮೆ ಸೂಜಿಯನ್ನು ಬಟ್ಟೆಯೊಳಗೇ ಇಟ್ಟು ಪಾದ ಎತ್ತಿ, ಪಟ್ಟಿಯನ್ನು ಸಡಿಲ ಮಾಡಿ, ಮತ್ತೆ ಇಳಿಸಿ. ಹೊಲಿಗೆ ಸಣ್ಣದಿರಲಿ. ಗುಂಡುಪಿನ್ನಿಗಿಂತ ಹುಡುಗಿಯರ ತಲೆಗೆ ಹಾಕುವ ಟಿಕ್ ಟಾಕ್ ಕ್ಲಿಪ್ಪುಗಳು ಇದಕ್ಕೆ ಒಳ್ಳೆಯವು. ದಪ್ಪ ಅಂಚನ್ನು ಗಟ್ಟಿಯಾಗಿ ಹಿಡಿಯುತ್ತವೆ, ಕೈಗೆ ಚುಚ್ಚುವುದಿಲ್ಲ, ಕೌದಿಯೊಳಗೆ ಪಿನ್ನು ಉಳಿದುಹೋಗುವ ಭಯವೂ ಇಲ್ಲ.

ಇನ್ನೊಂದು ವಿಷಯ, ಮೂಲೆಯನ್ನು ಮೊದಲೇ ಕತ್ತರಿಸಬೇಡಿ. ದುಂಡಗೆ ಕತ್ತರಿಸಿದ ಕಡೆ ಕೌದಿಯ ಅಂಚೇ ಕ್ರಾಸ್ ಆಗಿರುತ್ತದೆ, ಮುಟ್ಟಿದರೆ ಹಿಗ್ಗುತ್ತದೆ. ತಟ್ಟೆ ಇಟ್ಟು ಗೆರೆ ಎಳೆದು, ಗೆರೆಯ ಸ್ವಲ್ಪ ಒಳಗೆ ಎಲ್ಲ ಪದರ ಸೇರಿಸಿ ಕಚ್ಚಾ ಹೊಲಿಗೆ ಹಾಕಿ, ಪಟ್ಟಿಯ ತುದಿಯನ್ನು ಆ ಗೆರೆಗೆ ಸೇರಿಸಿ ಹೊಲಿಯಿರಿ. ಕತ್ತರಿ ಆಮೇಲೆ.

ಪಟ್ಟಿಯ ಜೋಡಣೆಗಳನ್ನು ಓರೆಯಾಗಿ ಹೊಲಿದು ಮಾರ್ಜಿನ್ ಬಿಡಿಸಿ ಇಸ್ತ್ರಿ ಮಾಡಿ. ಹೊಲಿಗೆ ಶುರು ಮಾಡುವುದು ನೇರ ಬದಿಯ ನಡುವಿನಲ್ಲಿ. ಮೊದಲು ಪಟ್ಟಿಯನ್ನು ಸುಮ್ನೆ ಸುತ್ತಲೂ ಇಟ್ಟು ನೋಡಿ, ಜೋಡಣೆ ಯಾವುದಾದರೂ ಮೂಲೆಗೆ ಬರುತ್ತಿದ್ದರೆ ಶುರುವಿನ ಜಾಗ ಒಂದು ಗೇಣು ಆಚೀಚೆ ಮಾಡಿ. ತಿರುವಿನಲ್ಲಿ ಜೋಡಣೆ ಬಂದರೆ ಅಲ್ಲಿ ಬಟ್ಟೆ ಹಿಗ್ಗುವುದಿಲ್ಲ.

ನೇರ ಪಟ್ಟಿಗೆ ಎಲ್ಲಿ ಜಾಗ?

ಪೂರ್ತಿ ಬೇಡ ಅಂತಲ್ಲ. ದುಂಡು ಮೇಜಿನ ಹಾಸು, ಮೂರೂವರೆ ಅಡಿ ಅಗಲದ ದುಂಡು ಆಟದ ಚಾಪೆ, ಇಂಥವಕ್ಕೆ ತಿರುವು ಎಷ್ಟು ನಿಧಾನ ಅಂದರೆ ಪಟ್ಟಿ ಶೇಕಡಾ ಒಂದೂಕಾಲರಷ್ಟು ಹಿಗ್ಗಿದರೆ ಸಾಕು. ಬಟ್ಟೆಯ ಅಗಲಕ್ಕೆ, ಅಂದರೆ ಹೊಕ್ಕಿನ ದಿಕ್ಕಿಗೆ ಕತ್ತರಿಸಿದ ಪಟ್ಟಿ ಅಷ್ಟನ್ನು ಕೊಡುತ್ತದೆ. ಉದ್ದಕ್ಕೆ, ಹಾಸಿನ ದಿಕ್ಕಿಗೆ ಕತ್ತರಿಸಿದ್ದು ಅಷ್ಟೂ ಕೊಡುವುದಿಲ್ಲ. ಬಟ್ಟೆ ಕಡಿಮೆ ಇದ್ದರೆ ನೇರ ಬದಿಗೆ ನೇರ ಪಟ್ಟಿ, ಮೂಲೆಗಷ್ಟೇ ಕ್ರಾಸ್ ಅಂತ ಕೆಲವರು ಮಾಡುತ್ತಾರೆ. ನನಗೆ ಅದು ಇಷ್ಟ ಇಲ್ಲ. ಎಂಟು ಜೋಡಣೆ ಸುಮ್ನೆ ಹೆಚ್ಚಾಗುತ್ತವೆ, ಒಗೆದ ಮೇಲೆ ಎರಡೂ ಬೇರೆ ಬೇರೆ ಥರ ಕುಗ್ಗುತ್ತವೆ.

ಅಮೆರಿಕದಲ್ಲಿರುವ ನಮ್ಮವರು ಜೆಲ್ಲಿ ರೋಲ್ ಕಂಡು ಮರುಳಾಗುತ್ತಾರೆ. 2½ ಇಂಚಿನ ಪಟ್ಟಿಗಳು ಕತ್ತರಿಸಿ ಸುತ್ತಿಟ್ಟದ್ದು, ಅಗಲ ಸರಿಯಾಗಿಯೇ ಇದೆ ಅಲ್ವಾ ಅನ್ನಿಸುತ್ತದೆ. ಆದರೆ ಅವೆಲ್ಲ ಬಟ್ಟೆಯ ಅಗಲಕ್ಕೆ ನೇರ ಕತ್ತರಿಸಿದವು, ದುಂಡು ಮೂಲೆಗೆ ಬರುವುದಿಲ್ಲ.

ರೆಡಿಮೇಡ್ ಟೇಪು

ಚಿಕ್ಕಪೇಟೆಯಂಥ ಕಡೆ ಹೊಲಿಗೆ ಸಾಮಾನಿನ ಅಂಗಡಿಗಳಲ್ಲಿ ಮಡಿಕೆ ಹಾಕಿ ಇಸ್ತ್ರಿ ಮಾಡಿದ ಟೇಪು ಸುರುಳಿಯಲ್ಲೇ ಸಿಗುತ್ತದೆ. ಕತ್ತರಿಸುವ, ಜೋಡಿಸುವ ಕೆಲಸವೇ ಇಲ್ಲ. ತಗೊಳ್ಳುವ ಮೊದಲು ಒಂದು ಗೇಣು ಬಿಡಿಸಿ ಎಳೆದು ನೋಡಿ. ಹಿಗ್ಗಿದರೆ ಕ್ರಾಸ್, ಹಿಗ್ಗದಿದ್ದರೆ ಅದು ನೇರ ಟೇಪು, ಎಷ್ಟೇ ಚೆಂದ ಇದ್ದರೂ ವಾಪಸ್ ಕೊಡಿ. ಆಮೇಲೆ ಬೆಳಕಿಗೆ ಹಿಡಿಯಿರಿ. ಗಂಜಿ ಹಾಕಿ ಗಟ್ಟಿ ಮಾಡಿದ ತೆಳು ಬಟ್ಟೆ ಆಗಿದ್ದರೆ ಒಂದು ಒಗೆತಕ್ಕೆ ಅದರ ನಿಜರೂಪ ಗೊತ್ತಾಗುತ್ತದೆ.

ಇದಕ್ಕಿಂತ ದೊಡ್ಡ ತೊಂದರೆ ಪಾಲಿಯೆಸ್ಟರ್ ಬೆರಕೆ. ಕೌದಿ ಹತ್ತಿ ಬಟ್ಟೆಯದು, ಒಗೆದಾಗ ಕುಗ್ಗುತ್ತದೆ. ಟೇಪು ಕುಗ್ಗುವುದಿಲ್ಲ. ಆಗ ಅಂಚು ಸುತ್ತಲೂ ಅಲೆ ಅಲೆಯಾಗಿ ನಿಲ್ಲುತ್ತದೆ, ಹೊಲಿದವರ ಕೈ ಸರಿ ಇಲ್ಲ ಅಂತ ಹೆಸರು ಬರುತ್ತದೆ. ಸ್ಯಾಟಿನ್ ಟೇಪು ಮಿರುಗುತ್ತದೆ, ಜಾರುತ್ತದೆ, ಎಳೆ ಬಿಡುತ್ತದೆ. ಮಗುವಿನ ಬಿಬ್, ಪಾತ್ರೆ ಹಿಡಿಯುವ ಬಟ್ಟೆ ಇಂಥ ಸಣ್ಣ ಕೆಲಸಕ್ಕೆ ರೆಡಿಮೇಡ್ ಟೇಪು ಸರಿ. ಕೌದಿಗೆ ಅಷ್ಟೆಲ್ಲ ಕೈಕೆಲಸ ಮಾಡಿ ಕೊನೆಗೆ ಅಂಚಿನಲ್ಲಿ ಉಳಿತಾಯ ಯಾಕೆ?

ಪಟ್ಟಿ ಕಾಣಬಾರದು ಅಂದರೆ

ಫೇಸಿಂಗ್ ಅಂದರೆ ಅಂಚಿನ ಆಕಾರದಲ್ಲೇ ಕತ್ತರಿಸಿದ, ಒಂದೆರಡು ಇಂಚು ಅಗಲದ ಬಟ್ಟೆಯನ್ನು ಕೌದಿಯ ಸೀದಾ ಬದಿಗೆ ಸೀದಾ ಬದಿ ಸೇರಿಸಿ ಹೊಲಿದು, ಪೂರ್ತಿ ಹಿಂದಕ್ಕೆ ತಿರುಗಿಸಿ ಹೆಮ್ಮಿಂಗ್ ಮಾಡುವುದು. ಮುಂದಿನಿಂದ ನೋಡಿದರೆ ಪಟ್ಟಿಯೇ ಇಲ್ಲ, ಚಿತ್ತಾರ ನೇರ ಅಂಚಿಗೇ ಬಂದು ನಿಲ್ಲುತ್ತದೆ. ಬಟ್ಟೆ ಆಕಾರಕ್ಕೇ ಕತ್ತರಿಸಿರುವುದರಿಂದ ಹಿಗ್ಗಿಸುವ ಕುಗ್ಗಿಸುವ ಪ್ರಶ್ನೆಯೂ ಇಲ್ಲ. ಎಷ್ಟು ಬಿಗಿ ತಿರುವಾದರೂ, ಕಮಾನು ನಡುವಿನ ಚೂಪು ತಗ್ಗಾದರೂ ಆಗುತ್ತದೆ. ಮಾರ್ಜಿನ್ನಿಗೆ ಕಟ್ ಕೊಡುವುದು ಮಾತ್ರ ಮರೆಯಬಾರದು. ಉಬ್ಬಿದ ಕಡೆ ಪುಟ್ಟ ತ್ರಿಕೋನ ಕತ್ತರಿಸಿ ತೆಗೆಯಿರಿ, ತಗ್ಗಿನ ಕಡೆ ಬರೀ ಕಟ್ ಸಾಕು. ಆದರೆ ಅಂಚಿನಲ್ಲಿ ಕೌದಿಯ ಮೇಲಿನ ಬಟ್ಟೆಯೇ ತಿಕ್ಕಾಟಕ್ಕೆ ಸಿಗುತ್ತದೆ. ಪಟ್ಟಿ ಸವೆದರೆ ಪಟ್ಟಿ ಬದಲಿಸಬಹುದು, ಕೌದಿಯೇ ಸವೆದರೆ? ಅದಕ್ಕೇ ನಾನು ಇದನ್ನು ಗೋಡೆಗೆ ಹಾಕುವುದಕ್ಕಷ್ಟೇ ಇಟ್ಟುಕೊಂಡಿದ್ದೇನೆ.

ಚೀಲದ ಕ್ರಮ ಎಲ್ಲಕ್ಕಿಂತ ಬೇಗ. ಮೇಲಿನ ಬಟ್ಟೆ, ಹಿಂದಿನ ಬಟ್ಟೆ ಎರಡರ ಸೀದಾ ಬದಿ ಒಳಗೆ ಬರುವಂತೆ ಇಟ್ಟು, ಪಾಲಿಫಿಲ್ ಸೇರಿಸಿ, ಸುತ್ತಲೂ ಹೊಲಿದು, 8 ಇಂಚಿನಷ್ಟು ಬಾಯಿ ಬಿಟ್ಟು, ಅದರಿಂದ ಒಳಗಿನದನ್ನು ಹೊರಗೆ ಎಳೆದು, ಬಾಯಿಯನ್ನು ಕೈಯಲ್ಲಿ ಹೊಲಿಯುವುದು. ದುಂಡು ಮೂಲೆ ಇಲ್ಲಿ ಚೌಕ ಮೂಲೆಗಿಂತ ಸುಲಭ, ತುದಿಯನ್ನು ಕಡ್ಡಿ ಹಾಕಿ ಚುಚ್ಚಿ ಹೊರತೆಗೆಯುವ ಕೆಲಸ ಇಲ್ಲ. ಪಾಲಿಫಿಲ್ಲನ್ನು ಹೊಲಿಗೆಯ ಹತ್ತಿರಕ್ಕೆ ಕತ್ತರಿಸಿ, ಮಾರ್ಜಿನ್ ಒಳಗೆ ಸೇರಿಕೊಂಡರೆ ಅಂಚು ಬದನೆಕಾಯಿ ದಪ್ಪ ಆಗುತ್ತದೆ. ಕೌದಿಯ ಹೊಲಿಗೆ ಎಲ್ಲ ಉಲ್ಟಾ ಮಾಡಿದ ಮೇಲೇ ಹಾಕಬೇಕು, ಆಗ ಹಿಂದಿನ ಬಟ್ಟೆ ಜರುಗುತ್ತದೆ. ಚಿಕ್ಕ ಅಳತೆಗೆ ಸಂಭಾಳಿಸಬಹುದು. ಡಬಲ್ ಕಾಟಿನ ಅಳತೆಗೆ ಈ ಸಾಹಸ ಬೇಡ.

ಕೊನೆಯದು ನಮ್ಮದೇ ಪದ್ಧತಿ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕೌದಿ, ಕವಂದಿ, ನೋಡಿದ್ದೀರಾ? ಅವರು ಶುರು ಮಾಡುವುದೇ ಅಂಚಿನಿಂದ. ಒಂದು ಮೂಲೆಯಲ್ಲಿ ತುಂಡು ಇಟ್ಟು, ಅಂಚನ್ನು ಒಳಗೆ ಮಡಚಿ, ಸುತ್ತಲೂ ಹೊಲಿಯುತ್ತಾ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ನಡು ಮುಗಿದಾಗ ಕವಂದಿ ಮುಗಿಯಿತು, ಅಂಚು ಮೊದಲೇ ಆಗಿಹೋಗಿದೆ. ಬೇರೆ ಪಟ್ಟಿಯ ಮಾತೇ ಇಲ್ಲ. ಮೂಲೆಯಲ್ಲಿ ಬಟ್ಟೆಯನ್ನು ಮಡಚಿ ಮಡಚಿ ಇಡುವ ತ್ರಿಕೋನಕ್ಕೆ ಫೂಲ ಅನ್ನುತ್ತಾರೆ. ಫೂಲ ಕೂರಬೇಕಾದರೆ ಚೌಕ ಮೂಲೆಯೇ ಬೇಕು. ಅದು ನಿಮಗೆ ಇಷ್ಟ ಅಂದರೆ ದುಂಡಿನ ಆಸೆ ಬಿಡಿ, ಎರಡೂ ಒಟ್ಟಿಗೆ ಬರುವುದಿಲ್ಲ.

ಫೂಲ ಬೇಡ, ಒಳಗೆ ಮಡಚುವ ಕ್ರಮ ಮಾತ್ರ ಸಾಕು ಅಂದರೆ ದುಂಡಿಗೂ ಅದನ್ನು ಒಗ್ಗಿಸಬಹುದು. ಮೂಲೆಯ ಆಕಾರಕ್ಕೆ ಒಂದು ರಟ್ಟು ಕತ್ತರಿಸಿಕೊಳ್ಳಿ. ಬಟ್ಟೆಯ ತುದಿಯಿಂದ ಕಾಲಿಂಚು ಒಳಗೆ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ, ರಟ್ಟಿನ ಮೇಲೆ ಇಟ್ಟು ದಾರ ಎಳೆದರೆ ಅಂಚು ರಟ್ಟನ್ನು ತಬ್ಬಿಕೊಳ್ಳುತ್ತದೆ. ಇಸ್ತ್ರಿ ಒತ್ತಿ ರಟ್ಟು ತೆಗೆಯಿರಿ. ಮೇಲಿನದಕ್ಕೂ ಹಿಂದಿನದಕ್ಕೂ ಹೀಗೇ ಮಾಡಿ, ನಡುವಿನ ಪದರಗಳನ್ನು ಒಳಗೆ ಸೇರಿಸಿ, ಅಂಚಿನ ಸುತ್ತ ಎರಡು ಸಾಲು ರನ್ನಿಂಗ್ ಹೊಲಿಗೆ. ಹಳೆ ಹತ್ತಿ ಸೀರೆ ಎಷ್ಟು ಮೆತ್ತಗಿರುತ್ತದೆ ಅಂದರೆ ಆ ನೆರಿಗೆ ಕಾಣುವುದೇ ಇಲ್ಲ. ಹೊಸ ಗಟ್ಟಿ ಕಾಟನ್ನಿನಲ್ಲಿ ಇದೇ ಕೆಲಸ ಮಾಡಿ ನೋಡಿ, ಮುಳ್ಳು ಮುಳ್ಳಾಗಿ ನಿಲ್ಲುತ್ತದೆ.

ಹಿಂದಿನ ಬಟ್ಟೆಯನ್ನೇ ದೊಡ್ಡದಾಗಿ ಬಿಟ್ಟು ಮುಂದಕ್ಕೆ ಮಡಚಿ ಹೊಲಿಯುವ ಕ್ರಮ ಒಂದಿದೆ, ನೇರ ಅಂಚಿಗೆ ಬಹಳ ಚೆನ್ನ. ದುಂಡಿಗೆ ಆಗುವುದಿಲ್ಲ, ಅಷ್ಟೇ.

ಕಮಾನು ಅಂಚಿನ ಬಗ್ಗೆ ಎರಡು ಮಾತು

ಅಮೆರಿಕದ ಡಬಲ್ ವೆಡ್ಡಿಂಗ್ ರಿಂಗ್ ಥರದ ಕೌದಿಯಲ್ಲಿ ಬಳೆಗಳು ಒಂದರೊಳಗೊಂದು ಸೇರಿ ಅಂಚು ತಾನಾಗೇ ಕಮಾನು ಆಗುತ್ತದೆ. ಅಲ್ಲಿ ಆಯ್ಕೆ ಇಲ್ಲ. ನಾವೇ ಗೀಚುವಾಗ ಆಯ್ಕೆ ಇದೆ. ಎರಡು ಕಮಾನು ಸೇರುವ ತಗ್ಗು ಚೂಪಾಗಿರಬೇಕೋ ದುಂಡಗಿರಬೇಕೋ? ಚೂಪು ಬಿಡಿ, ಅಲೆ ಮಾಡಿ ಅಂತ ನನ್ನ ಸಲಹೆ. ಅಲೆಯ ತಗ್ಗಿನಲ್ಲಿ ಕ್ರಾಸ್ ಪಟ್ಟಿ ಎಲ್ಲೂ ನಿಲ್ಲದೆ ಸರಾಗವಾಗಿ ಸಾಗುತ್ತದೆ. ಚೂಪು ತಗ್ಗಿನಲ್ಲಿ ಪ್ರತಿ ಸಲ ನಿಲ್ಲಬೇಕು.

ಚೂಪೇ ಬೇಕು ಅಂದರೆ ಹೀಗೆ. ತಗ್ಗಿನ ಸುತ್ತ ಸಣ್ಣ ಹೊಲಿಗೆ ಹಾಕಿ ಗಟ್ಟಿ ಮಾಡಿ, ತಗ್ಗಿನ ನಡುವಿಗೆ ಒಂದೇ ಕಟ್ ಕೊಡಿ, ಹೊಲಿಗೆಗೆ ಒಂದೆರಡು ಎಳೆ ಬಾಕಿ ಇರಲಿ. ಕಟ್ಟನ್ನು ಬಿಡಿಸಿ ಹಿಡಿದರೆ ತಗ್ಗು ಹೆಚ್ಚುಕಡಿಮೆ ನೇರ ಆಗುತ್ತದೆ. ಅಲ್ಲಿಯವರೆಗೆ ಹೊಲಿದು, ಸೂಜಿ ಒಳಗಿಟ್ಟು, ಪಾದ ಎತ್ತಿ, ಕೌದಿ ತಿರುಗಿಸಿ, ಮುಂದಿನ ಕಮಾನು. ಪಟ್ಟಿಯನ್ನು ಹಿಂದಕ್ಕೆ ತಿರುಗಿಸಿದಾಗ ತಗ್ಗಿನಲ್ಲಿ ಒಂದು ಪುಟ್ಟ ಮಡಿಕೆ ತಾನಾಗೇ ಬೀಳುತ್ತದೆ, ಅದನ್ನು ಹೊಲಿದು ಕೂರಿಸಿ. ಜೋಡಿ ಮಡಿಕೆಯಲ್ಲಿ ಈ ಜಾಗ ಗೋಲಿಯಷ್ಟು ಉಬ್ಬುತ್ತದೆ, ಅದಕ್ಕೇ ಇಲ್ಲಿ ಒಂಟಿ ಮಡಿಕೆ ಅಂದದ್ದು.

ಪಟ್ಟಿಯ ಉದ್ದವನ್ನು ಟೇಪು ಹಿಡಿದು ನೇರಕ್ಕೆ ಅಳೆಯಬೇಡಿ. ಪೂರ್ತಿ ಅರ್ಧ ವೃತ್ತದ ಕಮಾನು ಆದರೆ ನೇರ ಅಳತೆಯ ಒಂದೂವರೆಯಷ್ಟಕ್ಕಿಂತ ಜಾಸ್ತಿ ಬೇಕಾಗುತ್ತದೆ. ಗೆರೆಯ ಮೇಲೆ ದಾರ ಇಟ್ಟು ಒಂದು ಕಮಾನು ಅಳೆದು, ಎಣಿಸಿ ಗುಣಿಸಿ.

ಬಟ್ಟೆ, ಹೆಮ್ಮಿಂಗ್

ಕೌದಿ ಹಳೆ ಸೀರೆಯದಾದರೂ ಪಟ್ಟಿ ಹೊಸ ಬಟ್ಟೆಯದಿರಲಿ. ಎಲ್ಲಕ್ಕಿಂತ ಮೊದಲು ಸವೆಯುವುದು ಅಂಚು, ಅಲ್ಲಿಗೆ ಆಗಲೇ ಅರ್ಧ ಸವೆದ ಬಟ್ಟೆ ಹಾಕಿದರೆ ಮತ್ತೆ ಅದೇ ಕೆಲಸ. ಪಾಪ್ಲಿನ್, ಕೇಂಬ್ರಿಕ್, ಬ್ಲೌಸ್ ಲೈನಿಂಗಿಗೆ ತರುವ ಒಳ್ಳೆ ಟೂ ಬೈ ಟೂ ಯಾವುದಾದರೂ ಸರಿ. ಹೊಸ ಬಟ್ಟೆಯನ್ನು ಒಗೆದು ಒಣಗಿಸಿಯೇ ಕತ್ತರಿಸಿ. ಕೆಂಪು, ಮೆರೂನ್, ಗಾಢ ನೀಲಿ ಆದರೆ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಬಣ್ಣ ಹತ್ತಿದರೆ ಬಿಳಿ ಕೌದಿಗೆ ಅದು ಬೇಡ. ಗುಳೇದಗುಡ್ಡದ ಖಣ ಹಾಕಬೇಕು ಅಂತ ಆಸೆ ಎಲ್ಲರಿಗೂ ಇರುತ್ತದೆ. ಕುಂಚಿಗೆಗೆ ಅದೇ ಚೆಂದ, ನಿಜ. ಆದರೆ ಖಣದ ಅಗಲ ಕಡಿಮೆ, ಓರೆಯಾಗಿ ಕತ್ತರಿಸಿದರೆ ತುಂಡು ತುಂಡು ಬರುತ್ತದೆ, ತುದಿ ಎಳೆ ಬಿಡುತ್ತದೆ. ಖಣವನ್ನು ಕೌದಿಯ ನಡುವೆ ಹಾಕಿ, ಅಂಚಿಗೆ ಸಾದಾ ಕಾಟನ್ ಬರಲಿ.

ಹಿಂದಿನ ಹೆಮ್ಮಿಂಗ್ ಕೈಯಲ್ಲೋ ಮೆಷಿನ್ನಿನಲ್ಲೋ? ನೇರ ಬದಿಗೆ ಯಾವುದಾದರೂ ಸರಿ. ತಿರುವಿನಲ್ಲಿ ಕೈಯೇ ಮೇಲು, ಬಟ್ಟೆ ಎಲ್ಲಿ ಸ್ವಲ್ಪ ಹೆಚ್ಚಾಗಿದೆ ಅಂತ ಬೆರಳಿಗೆ ಗೊತ್ತಾಗುತ್ತದೆ, ಅಲ್ಲೇ ಒತ್ತಿ ಸೇರಿಸಬಹುದು. ಹೊಲಿಗೆಗಳು ಅಲ್ಲಿ ಹತ್ತಿರ ಹತ್ತಿರ ಇರಲಿ. ವಾಷಿಂಗ್ ಮೆಷಿನ್ನಿಗೆ ದಿನ ಬಿಟ್ಟು ದಿನ ಬೀಳುವ ಹೊದಿಕೆ ಆದರೆ ಮೆಷಿನ್ ಹೊಲಿಗೆ ಹಾಕಿ. ಆಗ ಪಟ್ಟಿಯನ್ನು ಮೊದಲು ಹಿಂದಿನ ಬದಿಗೆ ಹೊಲಿದು ಮುಂದಕ್ಕೆ ತಿರುಗಿಸಿ, ಮೇಲಿನ ಹೊಲಿಗೆ ಮುಂದೆ ಕಣ್ಣಿಗೆ ಕಾಣುವ ಕಡೆಯೇ ಬರುತ್ತದೆ, ಸೊಟ್ಟ ಹೋಗುವುದಿಲ್ಲ.

ಟೈಲರಿಗೆ ಕೊಡುವುದಾದರೆ

ಪಟ್ಟಿ ಹೊಲಿಸಲು ಮಾತ್ರ ಟೈಲರ್ ಅಣ್ಣನ ಹತ್ತಿರ ಕೊಡುವವರೂ ಇದ್ದಾರೆ, ಅದರಲ್ಲಿ ತಪ್ಪೇನಿಲ್ಲ. ಮೂಲೆಯ ಗೆರೆಯನ್ನು ನೀವೇ ತಟ್ಟೆ ಇಟ್ಟು ಎಳೆದು ಕಚ್ಚಾ ಹೊಲಿಗೆ ಹಾಕಿ ಕೊಡಿ, ಇಲ್ಲದಿದ್ದರೆ ನಾಲ್ಕು ಮೂಲೆ ನಾಲ್ಕು ಥರ ಬರುತ್ತವೆ. ಬಟ್ಟೆ ಕೊಡುವಾಗ ‘ಪಟ್ಟಿ ಕ್ರಾಸಲ್ಲೇ ಕಟ್ ಮಾಡಿ, ಜೋಡಿ ಹಾಕಿ, ಮೂಲೇಲಿ ಎಳೀಬೇಡಿ’ ಅಂತ ಹೇಳಿ. ಬ್ಲೌಸಿನ ಕತ್ತಿಗೆ ಪೈಪಿಂಗ್ ಹಾಕುವಾಗ ಅವರು ಪಟ್ಟಿಯನ್ನು ಎಳೆದೇ ಹೊಲಿಯುವುದು, ಅಲ್ಲಿ ತಿರುವು ಒಳಗೆ ಬಾಗಿರುತ್ತದೆ, ಅದು ಸರಿ. ಅದೇ ಅಭ್ಯಾಸ ಕೌದಿಯ ಮೂಲೆಗೂ ಬಂದುಬಿಡುತ್ತದೆ. ಹಿಂದಿನ ಹೆಮ್ಮಿಂಗ್ ಬೇಡ, ಮುಂದಿನ ಹೊಲಿಗೆ ಮಾತ್ರ ಹಾಕಿಕೊಡಿ ಅಂತ ಹೇಳಿದರೆ ಕೂಲಿಯೂ ಕಡಿಮೆ. ಮನೆಗೆ ತಂದು ಪಟ್ಟಿ ತಿರುಗಿಸಿ ನೋಡಿ, ಮೂಲೆ ಮೇಲೆದ್ದರೆ ಆ ಮೂಲೆಯ ಏಳೆಂಟು ಇಂಚು ಮಾತ್ರ ಬಿಚ್ಚಿ, ಪಟ್ಟಿಯನ್ನು ಒಳಗೆ ತಳ್ಳಿಕೊಂಡು ಕೈಯಲ್ಲೇ ಸಣ್ಣ ಹೊಲಿಗೆ ಹಾಕಿ, ಹೆಮ್ಮಿಂಗ್ ಆಮೇಲೆ ಶುರು ಮಾಡಿ.